ದೇವರ ಹೆಸರಿನ ಸುಳ್ಳು

ಇಟ್ಟಿಗಿ ಊರಿನ ಗಣಪ್ಪನ ಗುಡಿಗೆ ದಿನಾ ಬೆಳಿಗ್ಗೆ ಮಲ್ಲಿಗೆ ಮಾಲೆ ಕೊಡುತ್ತಿದ್ದವಳು ಹೂಗಾರರ ಅಂಜಿನಕ್ಕ. ಅತ್ತೆಯಿಂದ ಬಂದ ಸೇವೆ. ಮಾಲೆ ಕಟ್ಟುವಾಗ ಯಾರಾದರೂ ಮಾತಾಡಿಸಿದರೆ ಸಿಡುಕುತ್ತಿದ್ದಳು. ಆ ಹೊತ್ತು ಅವಳಿಗೂ ಗಣಪ್ಪನಿಗೂ ಸೇರಿದ್ದು.

ತೊಂಬತ್ತೈದನೇ ಇಸವಿ. ಗಣಪ್ಪ ಹಾಲು ಕುಡಿಯುತ್ತಾನೆಂದು ದೇಶವೆಲ್ಲ ಗುಲ್ಲೆದ್ದ ದಿನ ಊರಿಗೆ ಊರೇ ತಂಬಿಗೆ ಹಿಡಿದು ಗುಡಿ ಮುಂದೆ ಸಾಲುಗಟ್ಟಿತು. ಅಂಜಿನಕ್ಕನೂ ಕಣ್ಣು ತುಂಬಿಕೊಂಡೇ ಹೋದಳು. ಚಮಚ ಸೊಂಡಿಲಿಗೆ ತಾಗಿಸಿದಳು. ಹಾಲು ಇಳಿಯಿತು, ಮೈ ಜುಮ್ಮೆಂದಿತು. ಆದರೆ ಕೈ ತೆಗೆಯುವಾಗ ಗಣಪ್ಪನ ಹೊಟ್ಟೆಯ ಮೇಲೆ ತೆಳ್ಳಗೆ ಹಾಲಿನ ಗೆರೆ ಕಂಡಿತು. ಅದು ಪೀಠದ ಸಂದಿಗಿಳಿದು ಗುಡಿಯ ಹಿಂದಿನ ಬಚ್ಚಲಿಗೆ ಹರಿಯುತ್ತಿತ್ತು. ಹಿಂದೆ ಹೋಗಿ ನೋಡಿದರೆ ನಾಯಿಗಳು ನೆಕ್ಕುತ್ತಿದ್ದವು. ಗುಡಿ ಮುಂದಿನ ಕಲ್ಲುಕಂಬದ ಮೂಲೆಗೆ ಅದೇ ಚಮಚದಲ್ಲಿ ಹಾಲು ತುಂಬಿ ತಾಗಿಸಿದಳು. ಕಂಬವೂ ಕುಡಿಯಿತು.

“ಪೂಜಾರ್ರೇ, ಹಾಲು ಬಚ್ಚಲಿಗೆ ಹೊಂಟೈತಿ. ಮಂದಿಗೆ ಹೇಳ್ರಿ,” ಎಂದಳು ಮತ್ತೆ ಒಳಗೆ ಬಂದು.

ಪೂಜಾರಿ ನಾಗೇಂದ್ರಪ್ಪ ಕಣ್ಣು ಕೆಂಪಗೆ ಮಾಡಿದ. “ನಂಬಿಕಿ ಇಲ್ಲದೋರ ಕಣ್ಣಿಗೆ ಹಂಗ ಕಾಣತೈತಿ.”

“ನನಗ ನಂಬಿಕಿ ಇಲ್ಲೇನು?” ಅಂಜಿನಕ್ಕನ ದನಿ ಗುಡಿ ತುಂಬಿತು. “ನಂಬೀನಿ ಅಂತನ ಕೇಳಾಕತ್ತೀನಿ. ಕಣ್ಣು ಕೊಟ್ಟಾತನೂ ಅವನ, ಬುದ್ಧಿ ಕೊಟ್ಟಾತನೂ ಅವನ. ಅವನ ಹೆಸರಿಲೆ ಸುಳ್ಳು ಹೇಳಿದ್ರ ಅದು ಭಕ್ತಿ ಹೆಂಗಾದೀತು?”

ಸಾಲಿನಲ್ಲಿದ್ದವರು ಗದರಿಸಿ ಅವಳನ್ನು ಹೊರಗೆ ತಳ್ಳಿದರು. ಮರುದಿನ ಮಾಲೆ ಒಯ್ದಾಗ ನಾಗೇಂದ್ರಪ್ಪ ಹೊಸ್ತಿಲಲ್ಲೇ ತಡೆದ. “ಮಂದಿ ಮುಂದ ತಪ್ಪಾತು ಅನ್ನು, ಆಮ್ಯಾಲೆ ಒಳಗ ಬಾ.”

“ನೋಡಿದ್ದನ್ನ ನೋಡಿಲ್ಲ ಅನ್ನಲೇನ್ರಿ?” ಎಂದು ಮಾಲೆ ಹಿಡಿದುಕೊಂಡೇ ಮನೆಗೆ ಬಂದಳು.

ಸುದ್ದಿ ತಾಲ್ಲೂಕಿನ ಊರು ಹಡಗಲಿಗೂ ಮುಟ್ಟಿತು. ಮೂಢನಂಬಿಕೆಯ ವಿರುದ್ಧ ಊರೂರಲ್ಲಿ ಸಭೆ ಮಾಡುತ್ತಿದ್ದ ಭೀಮರಾಜ ಮೇಷ್ಟ್ರು ಖುಷಿಯಿಂದ ಅವಳ ಮನೆಗೇ ಬಂದರು. “ಅಕ್ಕಾ, ವೇದಿಕೆ ಮ್ಯಾಲೆ ಬಂದು ದೇವರೆಲ್ಲ ಸುಳ್ಳು ಅಂತ ಹೇಳ್ರಿ. ಕಣ್ಣಾರೆ ಕಂಡೀರಲ್ಲ.”

ಅಂಜಿನಕ್ಕನಿಗೆ ಪೂಜಾರಿಯ ಮೇಲೆ ಬಂದಷ್ಟೇ ಸಿಟ್ಟು ಬಂತು. “ಹಾಲು ಬಚ್ಚಲಿಗೆ ಹೋಗಿದ್ದು ಕಂಡೀನಿ ಮೇಷ್ಟ್ರ, ಎಲ್ಲಿ ಬೇಕಾದ್ರೂ ಹೇಳ್ತೀನಿ. ದೇವರಿಲ್ಲ ಅನ್ನೋದನ್ನ ನಾ ಎಲ್ಲಿ ಕಂಡೀನಿ? ಅವರು ಕಣ್ಣು ಮುಚ್ಚು ಅಂತಾರ, ನೀವು ಕೈ ಮುಗಿಯಬ್ಯಾಡ ಅಂತೀರಿ. ಕಣ್ಣೂ ನನ್ನವು, ಕೈನೂ ನನ್ನವು!”

“ಹಂಗಾದ್ರ ನೀವು ಅರ್ಧ ದಾರಿಗೇ ನಿಂತೀರಿ ಅಕ್ಕಾ,” ಎಂದು ಮೇಷ್ಟ್ರು ಬೇಸರದಿಂದ ಎದ್ದರು.

ಆಮೇಲೆ ಎಂಟ್ಹತ್ತು ವರ್ಷ ಬದುಕಿದಳು. ಗುಡಿಯ ಮೆಟ್ಟಿಲು ಹತ್ತಲಿಲ್ಲ, ಹೂ ಕಟ್ಟುವುದನ್ನು ಬಿಡಲೂ ಇಲ್ಲ. ಮನೆಯ ಗೂಡಿನಲ್ಲಿದ್ದ ಗಣಪ್ಪನಿಗೇ ಏರಿಸುತ್ತಿದ್ದಳು. ಊರಿಗೆ ಹಾಲಿನ ಗುಲ್ಲು ಮರೆತೇ ಹೋಯಿತು.

ಒಮ್ಮೆ ನಳದ ಹತ್ತಿರ ನೆರೆಮನೆಯ ಶಿವಮ್ಮ ನಗುತ್ತ ಅಂದಳು: “ಅವತ್ತು ಬಚ್ಚಲದಾಗ ಹಾಲು ಹರಿಯೋದು ನಾವೂ ನೋಡಿದ್ವಿ ಬಿಡಕ್ಕ.”

ಅಂಜಿನಕ್ಕ ನಗಲಿಲ್ಲ. “ನೋಡಿನೂ ನನ್ನ ಹೊರಗ ತಳ್ಳಿದ್ರಲ್ಲ! ಪೂಜಾರಿಗೆ ಅಂಜಿದ್ರಿ ಅನ್ನು, ದೇವರಿಗೆ ಅಂಜಲಿಲ್ಲ!” ಅಂದವಳೇ ಅರ್ಧ ತುಂಬಿದ ಕೊಡ ಎತ್ತಿಕೊಂಡು ನಡೆದಳು. ಶಿವಮ್ಮ ಕೂಗಿದರೂ ತಿರುಗಿ ನೋಡಲಿಲ್ಲ.