ಮಣಿಕಟ್ಟಿಗೆ ಬಂದ ಗೋಲುಗಳು

"ಸತ್ತು ಹೋಗಿದ್ಯೇನ್ಲಾ ರಾಯ? ಇಪ್ಪತ್ತು ನಿಮಿಷ ಆಯ್ತು, ಒಂದು ಸಲನಾದ್ರೂ ಹಗ್ಗ ಎಳೆದ್ಯಾ?"

"ಯಾಕೆ ಎಳೀಬೇಕು? ಆಟ ಚೆನ್ನಾಗೇ ಬರ್ತಿತ್ತಲ್ಲ!"

"ಚೆನ್ನಾಗಿ? ಟೀವಿ ತುಂಬಾ ರವೆ ಚೆಲ್ಲಿದಂಗೆ ಚುಕ್ಕಿ! ಇದಾ ಚೆನ್ನಾಗಿರೋದು?"

"ಅಲ್ಲಿ ಮಳೆ ಕಣೋ. ಮಳೇಲೇ ಆಡ್ತಾವ್ರೆ."

ನೆಲದ ಮೇಲೆ ಕೂತ ಮೂವತ್ತು ಜನ ಹೋ ಎಂದು ನಗುತ್ತಾರೆ. "ಅಜ್ಜಾ, ಛತ್ರಿ ತಂದ್ಕೊಡ್ಲಾ?" ಎಂದು ಒಬ್ಬ ಹಮಾಲಿ ಕೂಗುತ್ತಾನೆ. ಏಣಿ ಇಳಿದು ಬಂದ ಕೋದಂಡರಾಮಪ್ಪನಿಗೆ ನಗು ಬರುವುದಿಲ್ಲ. ನಗುವ ಜಾಯಮಾನವೂ ಅವರದಲ್ಲ.

"ಕಣ್ಣೇನು ಸಂತೇಲಿ ಮಾರ್ಕೊಂಡು ಬಂದ್ಯಾ?"

ಒಂದು ಮಾತಿಗೆ ನಾಲ್ಕು ಮಾತು ತಿರುಗಿಸುವ ವೆಂಕಟರಾಯಪ್ಪ ಈ ಮಾತಿಗೆ ಬೆನ್ನು ತಿರುಗಿಸುತ್ತಾರೆ. ಕಿಟಕಿಯ ಸರಳಿಗೆ ಸುತ್ತಿದ ಹಗ್ಗವನ್ನು ಬಿಗಿಯಾಗಿ ಹಿಡಿದು ಟೀವಿಯ ಕಡೆ ಮುಖ ಮಾಡಿ ಕೂರುತ್ತಾರೆ. ಗೆದ್ದೆನೆಂದುಕೊಂಡು ಕೋದಂಡರಾಮಪ್ಪ ಮತ್ತೆ ಏಣಿ ಹತ್ತುತ್ತಾರೆ.

ಎರಡು ಸಾವಿರದ ನಾಲ್ಕನೇ ಇಸವಿಯ ಜುಲೈ ತಿಂಗಳು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಬೆಳಗಿನ ಐದೂವರೆ. ತೋತಾಪುರಿ ತುಂಬಿದ ಲಾರಿಗಳು ಹಾರ್ನ್ ಹೊಡೆಯುತ್ತಿವೆ, ದಲ್ಲಾಳಿಗಳು ತೆಲುಗಿನಲ್ಲಿ ಅರಚುತ್ತಿದ್ದಾರೆ. ಮಂಡಿಯ ಮೂಲೆಯ ಒಂಟಿ ಕೋಣೆಯಲ್ಲಿ ಮಾತ್ರ ದಕ್ಷಿಣ ಅಮೆರಿಕದ ಸಂಜೆ. ಅಲ್ಲಿ ಫುಟ್ಬಾಲ್ ನಡೆಯುತ್ತಿದೆ. ಕೇರಳದ ಲಾರಿ ಡ್ರೈವರುಗಳು, ಯಲ್ದೂರಿನ ಕಡೆಯ ಹಮಾಲಿಗಳು ಮಾವಿಗೆ ಹಾಸುವ ಒಣಹುಲ್ಲಿನ ಮೇಲೆ ಕಾಲು ಚಾಚಿ ನೋಡುತ್ತಿದ್ದಾರೆ.

ಊರಿನ ಕೇಬಲ್ಲಿನಲ್ಲಿ ಈ ಆಟ ಇಲ್ಲ. ಕೊಡಿ ಎಂದು ಕೇಳಿದರೆ ಕೇಬಲ್ಲಿನವರು, "ಆ ಚಾನೆಲ್ಲಿಗೆ ಮನೆಗಿಷ್ಟು ಅಂತ ಕಟ್ಬೇಕು, ನೋಡೋರು ಯಾರಿದಾರೆ?" ಎನ್ನುತ್ತಾರೆ. ಕ್ರಿಕೆಟ್ಟಾದರೆ ಕೇಳದೆಯೇ ಕೊಡುತ್ತಾರೆ. ಮೂಟೆ ಹೊರುವವನಿಗೂ ಇಷ್ಟದ ಆಟ ಅಂತ ಒಂದು ಇರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ರೇಡಿಯೋ, ಮಿಕ್ಸಿ ರಿಪೇರಿ ಮಾಡಿಕೊಂಡಿದ್ದ ಕೋದಂಡರಾಮಪ್ಪ ಒಬ್ಬರಿಗೆ. ಹತ್ತಡಿ ಅಗಲದ ಡಿಶ್ಶನ್ನು ಕೋಳಿಗೂಡಿನ ಜಾಲರಿಯಿಂದ ಅವರೇ ಕಟ್ಟಿ ಕೋಣೆಯ ಮಾಳಿಗೆಯ ಮೇಲೆ ನಿಲ್ಲಿಸಿದರು. ಆಕಾಶದಲ್ಲಿ ಬಿಟ್ಟಿಯಾಗಿ ಸಿಗುವ ಚಾನೆಲ್ಲುಗಳನ್ನು ಒಂದೊಂದಾಗಿ ಹುಡುಕಿದರು. ಯಾವ ದೇಶದ್ದೋ ಏನೋ, ಲಿಪಿ ಓದಲು ಬರುವುದಿಲ್ಲ, ಮಾತು ತಿಳಿಯುವುದಿಲ್ಲ. ಚೆಂಡು ತಿಳಿಯುತ್ತದೆ, ಅಷ್ಟು ಸಾಕು. ನೋಡುವವರಿಂದ ಏನೂ ಪಡೆಯುವುದಿಲ್ಲ. ಬಾಗಿಲಲ್ಲಿ ಕದಿರಮ್ಮ ಎಂಬಾಕೆ ಟೀ ಮಾರುತ್ತಾರೆ, ಅದರಲ್ಲಿ ಕರೆಂಟ್ ಬಿಲ್ಲು ಹುಟ್ಟುತ್ತದೆ.

ತೊಂದರೆ ಇರುವುದು ಉಪಗ್ರಹದಲ್ಲಿ. ಬಿಟ್ಟಿ ಚಾನೆಲ್ಲು ಬರುವುದು ವಯಸ್ಸು ಮೀರಿದ ಉಪಗ್ರಹದಿಂದ. ಅದು ನಿಂತ ಕಡೆ ನಿಲ್ಲುವುದಿಲ್ಲ. "ಬೇರೆಯವೆಲ್ಲ ಗೂಟಕ್ಕೆ ಕಟ್ಟಿದ ಹಸುಗಳು. ಇದು ಹಗ್ಗ ಸಡಿಲ ಆಗಿರೋ ಹಸು. ಮೇಯ್ತಾ ಮೇಯ್ತಾ ಅತ್ಲಾಗೆ ಇತ್ಲಾಗೆ ಹೋಗುತ್ತೆ. ನಾವೇ ಅದರ ಹಿಂದೆ ಹೋಗ್ಬೇಕು" ಎನ್ನುತ್ತಾರೆ ಕೋದಂಡರಾಮಪ್ಪ. ಕಾಲು ಗಂಟೆಗೊಮ್ಮೆ ಡಿಶ್ಶನ್ನು ಒಂದು ಬೆರಳಿನಷ್ಟು ಸರಿಸಬೇಕು. ಒಂದು ಪಂದ್ಯಕ್ಕೆ ಏಳು ಸಲ, ಎಂಟು ಸಲ. ಸರಿಸುವವನು ಮಾಳಿಗೆ ಬಿಟ್ಟು ಇಳಿಯುವ ಹಾಗಿಲ್ಲ.

ಡಿಶ್ಶಿನ ಕಂಬ ನಿಂತಿರುವುದು ಒಂದು ಕಲ್ಲಿನ ಪೀಠದ ಮೇಲೆ. ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವಾಗ ಬಿರುಕು ಬಿಟ್ಟಿತೆಂದು ಶಿಲ್ಪಿಯೊಬ್ಬರು ಹಿತ್ತಲಲ್ಲಿ ಎಸೆದಿದ್ದ ಪೀಠ. ದೇವರನ್ನು ಕೂರಿಸುವ ಕುಳಿಯಲ್ಲಿ ಈಗ ಕಬ್ಬಿಣದ ಪೈಪು ತಿರುಗುತ್ತದೆ. ಅದರ ಅಂಚಿನಲ್ಲಿ ಶಿಲ್ಪಿಯೇ ಉಳಿಯಿಂದ ಕಚ್ಚು ಹಾಕಿಕೊಟ್ಟಿದ್ದಾರೆ. ಯಾವ ಕಚ್ಚಿಗೆ ಯಾವ ಉಪಗ್ರಹ ಎಂಬುದು ಕೋದಂಡರಾಮಪ್ಪನ ಬೆರಳಿಗೆ ಬಾಯಿಪಾಠ.

ಮಾಳಿಗೆಯ ಮೇಲಿರುವವನಿಗೆ ಟೀವಿ ಕಾಣದು. ಮಂಡಿಯ ಗದ್ದಲದಲ್ಲಿ ಕೆಳಗಿನಿಂದ ಕೂಗಿದರೆ ಕೇಳದು. ಅದಕ್ಕೆ ದಾರಿ ಹುಡುಕಿದವರು ವೆಂಕಟರಾಯಪ್ಪ. ಅವರು ಕೆಜಿಎಫ್ ಗಣಿಯಲ್ಲಿ ಇಪ್ಪತ್ತೆರಡು ವರ್ಷ ಗಂಟೆಯವರಾಗಿದ್ದವರು. ಆಳುಗಳನ್ನು ಭೂಮಿಯೊಳಗೆ ಇಳಿಸುವ ಕಬ್ಬಿಣದ ಪಂಜರ ಅವರು ಹೊಡೆದ ಗಂಟೆಯ ಲೆಕ್ಕದ ಮೇಲೆ ಇಳಿಯುತ್ತಿತ್ತು, ಏರುತ್ತಿತ್ತು, ನಿಲ್ಲುತ್ತಿತ್ತು. ಫುಟ್ಬಾಲಿನ ಹುಚ್ಚು ಹತ್ತಿದ್ದೂ ಅಲ್ಲಿನ ಮೈದಾನಗಳಲ್ಲೇ. ತೊಂಬತ್ತಾರರಲ್ಲಿ ಕೆಲಸ ಬಿಟ್ಟು ಊರಿಗೆ ಬಂದವರು ಮಾಳಿಗೆಯ ಕಿಂಡಿಯಿಂದ ಒಂದು ಹಗ್ಗ ಇಳಿಬಿಟ್ಟು, ಮೇಲಿನ ತುದಿಯನ್ನು ಗೆಳೆಯನ ಮಣಿಕಟ್ಟಿಗೆ ಕಟ್ಟಿದರು. ಒಂದು ಎಳೆತ ಅಂದರೆ ಎಡಕ್ಕೆ. ಎರಡು ಅಂದರೆ ಬಲಕ್ಕೆ. ಎಳೆಯದಿದ್ದರೆ ಚೆನ್ನಾಗಿದೆ, ಮುಟ್ಟಬೇಡ.

ಮೂರು ಅಂದರೆ ಗೋಲು.

ಎಂಟು ವರ್ಷದಲ್ಲಿ ಕೋದಂಡರಾಮಪ್ಪ ಒಂದು ಗೋಲನ್ನೂ ಕಣ್ಣಾರೆ ಕಂಡಿಲ್ಲ. ಬಂದದ್ದೆಲ್ಲ ಮಣಿಕಟ್ಟಿಗೇ. "ಎಳೆಯೋದ್ರಲ್ಲೇ ಗೊತ್ತಾಗುತ್ತೆ ಸಾರ್. ಸುಮಾರು ಗೋಲಾದ್ರೆ ಮೆತ್ತಗೆ ಎಳೀತಾನೆ. ಒಳ್ಳೇ ಗೋಲಾದ್ರೆ ಕೈಯೇ ಕಿತ್ತು ಬರ್ಬೇಕು. ಆಮೇಲೆ ಟೀ ಕುಡೀತಾ ಅವನು ಹೇಳೋದು ಕೇಳ್ಬೇಕು, ಚೆಂಡು ಯಾರ ಕಾಲಿಂದ ಯಾರ ಕಾಲಿಗೆ ಬಂತು ಅಂತ. ನನಗೆ ಅಷ್ಟೇ ಆಟ" ಎನ್ನುತ್ತಾರೆ. ಅವರಿಗೆ ಹೆಂಡತಿ ಮಕ್ಕಳಿಲ್ಲ. ಡ್ರೈವರುಗಳು ಮಾವಿನ ಜೊತೆ ಬಂದು ಮಾವಿನ ಜೊತೆ ಹೋಗುವವರು. ವರ್ಷವಿಡೀ ಉಳಿಯುತ್ತಿದ್ದದ್ದು ಆ ಹಗ್ಗದ ಕೆಳತುದಿಯ ಮನುಷ್ಯ ಒಬ್ಬನೇ.

ಅವತ್ತು ಜಗಳವಾಡಿ ಮತ್ತೆ ಮಾಳಿಗೆ ಹತ್ತಿದವರಿಗೆ ಯಾಕೋ ಸಮಾಧಾನವಿಲ್ಲ. ಎಳೆತಗಳು ಬರುತ್ತಿವೆ, ಆದರೆ ತಡವಾಗಿ. ಮೊದಲು ಕೆಳಗಿನ ಜನ ಗೊಣಗುತ್ತಾರೆ, ಆಮೇಲೆ ಹಗ್ಗ ಅಲ್ಲಾಡುತ್ತದೆ. ಮೊದಲು ಕೇಕೆ ಮುಗಿಲು ಮುಟ್ಟುತ್ತದೆ, ಆಮೇಲೆ ಮೂರು ಎಳೆತ. ಈ ಕೆಲಸ ಮಾಡಿದವರಿಗೆ ಗೊತ್ತು: ಚಿತ್ರ ಕೆಟ್ಟರೂ ಧ್ವನಿ ಒಂದಷ್ಟು ಹೊತ್ತು ಕೆಡುವುದಿಲ್ಲ. ರಾಯ ಚಿತ್ರ ನೋಡದೆ ಬರೀ ಕಿವಿಯ ಮೇಲೆ ಎಳೆಯುತ್ತಿದ್ದಾನೆಯೇ? ಬೇಕೆಂದೇ ಡಿಶ್ಶನ್ನು ಎರಡು ಬೆರಳು ಬಲಕ್ಕೆ ತಪ್ಪಿಸಿ, ಮಣಿಕಟ್ಟು ನೋಡುತ್ತಾ ಕೂರುತ್ತಾರೆ.

ಹಗ್ಗ ಅಲ್ಲಾಡುವುದಿಲ್ಲ.

ಕೆಳಗೆ ಜನ ಬೊಬ್ಬೆ ಹಾಕಿದ ಮೇಲೆ ಎರಡು ಎಳೆತ ಬರುತ್ತದೆ. ಬರಬೇಕಾಗಿದ್ದದ್ದು ಒಂದು.

ಕೋದಂಡರಾಮಪ್ಪ ಡಿಶ್ಶನ್ನು ಸರಿಮಾಡಿ, ಪಂದ್ಯ ಮುಗಿಯುವವರೆಗೆ ಹಗ್ಗದ ಮಾತು ಕೇಳದೆ ಅಂದಾಜಿನ ಮೇಲೆ ತಿರುಗಿಸುತ್ತಾರೆ. ಇಳಿದು ಬಂದಾಗ ಅವರ ಸಿಟ್ಟು ಇಳಿದಿದೆ. ಆದರೆ ಸಿಟ್ಟಿಲ್ಲದೆ ಮಾತಾಡಿ ಅಭ್ಯಾಸವಿಲ್ಲದ ಬಾಯಿ. ಎಲ್ಲರ ಎದುರಿಗೇ ಹೇಳಿಬಿಡುತ್ತಾರೆ: "ನಾಳೆಯಿಂದ ಹಗ್ಗ ಈ ಡ್ರೈವರ್ ಹಿಡ್ಕೊಳ್ಳಲಿ ರಾಯ. ನೀನು ಆರಾಮಾಗಿ ಕೂತ್ಕೊಂಡು ಆಟ ನೋಡು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಗಂಟೆಯವನ ಕೈಯಿಂದ ಗಂಟೆ ಕಿತ್ತುಕೊಳ್ಳುವುದಕ್ಕೆ ಇದಕ್ಕಿಂತ ಕೆಟ್ಟ ಮಾತು ಇರಲಿಲ್ಲ.

"ನಾನು ನೋಡೋದಾ?" ಎಂದು ವೆಂಕಟರಾಯಪ್ಪ ಎದ್ದು ನಿಲ್ಲುತ್ತಾರೆ. "ಇಪ್ಪತ್ತೆರಡು ವರ್ಷ ಕೋದಂಡ. ಒಂದು ಗಂಟೆ ತಪ್ಪಿಲ್ಲ ನಾನು. ನನ್ನ ಕೈಲಿ ಇಳಿದೋರಲ್ಲಿ ಒಬ್ಬನ ಉಗುರೂ ಮುರೀಲಿಲ್ಲ."

"ನಾನೆಲ್ಲಿ ತಪ್ಪು ಅಂದೆ?"

"ಪೋನೀಲೇ, ಹೋಗ್ಲಿ ಬಿಡು."

ಕಿಟಕಿಯ ಸರಳಿನಿಂದ ಹಗ್ಗ ಬಿಚ್ಚುತ್ತಾರೆ. ಅದಕ್ಕೆ ಕಣ್ಣು ಬೇಕಾಗಿಲ್ಲ, ಗಂಟು ಹಾಕಿದ್ದು ಅವರೇ. ಸುರುಳಿ ಸುತ್ತಿ ಟೀವಿಯ ಮೇಲಿಟ್ಟು, ಟವಲ್ ಹೆಗಲಿಗೆ ಹಾಕಿಕೊಂಡು "ಹೋಗ್ತೀನಿ" ಎನ್ನುತ್ತಾರೆ.

"ಬರ್ತೀನಿ ಅನ್ನಣ್ಣಾ, ಇದೇನು ಹೊತ್ತಾರೆ ಹೊತ್ತಲ್ಲಿ!" ಎಂದು ಬಾಗಿಲಲ್ಲಿ ಕದಿರಮ್ಮ ಗದರುತ್ತಾರೆ. ವೆಂಕಟರಾಯಪ್ಪ ಹಾಗೆ ಅನ್ನುವುದಿಲ್ಲ. ಮಂಡಿ ಗೇಟಿನ ಹತ್ತಿರ ಚರಂಡಿಗೆ ಹಾಸಿದ ಚಪ್ಪಡಿಯನ್ನು ಬಲಗಾಲಿನ ಬೆರಳಿನಿಂದ ತಡಕಿ, ಸಿಕ್ಕಿತೆಂದು ಖಾತ್ರಿಯಾದ ಮೇಲೆ ದಾಟುತ್ತಾರೆ. ಅವತ್ತು ಹೋದವರು ಮತ್ತೆ ಬಂದಿಲ್ಲ.

ಕೋದಂಡರಾಮಪ್ಪ ಹುಡುಕಿಕೊಂಡು ಹೋಗದೆ ಇರಲಿಲ್ಲ. ಯಲ್ದೂರಿನಲ್ಲಿ ತಂಗಿಯ ಮನೆಯಲ್ಲಿದ್ದಾರೆಂದು ತಿಳಿದು ಬಸ್ಸು ಹತ್ತಿದರು. "ಅಣ್ಣ ತೋಟದ ಕಡೆ ಹೋದ" ಎಂದಳು ತಂಗಿ. ಕೊನೆಯ ಬಸ್ಸಿನವರೆಗೆ ಜಗಲಿಯ ಮೇಲೆ ಕಾದರು. "ಕೋಲಾರದಲ್ಲಿ ಕಣ್ಣಿನ ಕ್ಯಾಂಪ್ ಇದೆ, ಪೊರೆ ತೆಗೀತಾರೆ, ನಾನೇ ಕರ್ಕೊಂಡು ಹೋಗ್ತೀನಿ ಅಂತ ಹೇಳೋಕೆ ಹೋಗಿದ್ದೆ. ಒಳಗೇ ಇದ್ದ ಸಾರ್ ಅವನು. ಕೆಮ್ಮು ಕೇಳಿಸ್ತು."

ಈಗ ಮಾವು ಮುಗಿದಿದೆ. ಲಾರಿಗಳಿಲ್ಲ, ಕದಿರಮ್ಮನ ಒಲೆಯೂ ಇಲ್ಲ. ಪಂದ್ಯವಿರುವ ದಿನ ಕೋದಂಡರಾಮಪ್ಪ ಒಬ್ಬರೇ ಡಿಶ್ಶು ತಿರುಗಿಸಿ, ಹದಿನಾಲ್ಕು ಮೆಟ್ಟಿಲ ಏಣಿ ಇಳಿದು ಚಿತ್ರ ನೋಡಿ, ಸರಿಯಿಲ್ಲದಿದ್ದರೆ ಮತ್ತೆ ಹತ್ತುತ್ತಾರೆ. ಸರಿಯಾದ ಮೇಲೆ ಕೆಳಗೆ ಕೂತು ಆಟ ನೋಡಲು ಈಗ ಅಡ್ಡಿಯಿಲ್ಲ. ಕೂರುವುದಿಲ್ಲ, ಮಾಳಿಗೆಗೇ ಹೋಗುತ್ತಾರೆ. "ನಾನು ನೋಡಿ ಏನ್ಮಾಡ್ಲಿ? ಹೇಳೋಕೆ ಅವನಿಲ್ಲ."

ಅವರು ಇತ್ತೀಚೆಗೆ ಮಾಡಿರುವ ಹೊಸ ಕೆಲಸ ಒಂದೇ. ಗೇಟಿನ ಬಳಿಯ ಚರಂಡಿ ಚಪ್ಪಡಿಗೆ ಬೆಳ್ಳಗೆ, ದಪ್ಪಗೆ ಸುಣ್ಣ ಬಳಿದಿದ್ದಾರೆ. ಯಾಕೆ ಎಂದರೆ ಗದರುತ್ತಾರೆ: "ಯಾಕೇನು? ಕತ್ತಲಲ್ಲೂ ಕಾಣ್ಲಿ ಅಂತ."

ಮಂಡಿಯ ನಾಯಿಗಳು ಓಡಾಡಿ ಸುಣ್ಣದ ಮೇಲೆ ಕೆಸರು ಹತ್ತುತ್ತದೆ. ವಾರಕ್ಕೊಮ್ಮೆ ಅವರು ಮತ್ತೆ ಬಳಿಯುತ್ತಾರೆ.