ಎರಡನೆಯ ಚರಣ

ಹಳೇ ಹಾರ್ಮೋನಿಯಂನ ತಿದಿ ಬಿಚ್ಚಿದರೆ ಅಂಟು, ತೊಗಲು, ಡಾಂಬರಗುಳಿಗೆ ಮೂರೂ ಕಲೆತ ಒಂದು ವಾಸನೆ ಬರುತ್ತದೆ. ಹೋದ ತಿಂಗಳು ನಿಪ್ಪಾಣಿಯ ತವರುಮನೆಯಲ್ಲಿ ನನ್ನ ತಮ್ಮ ಅಟ್ಟದಿಂದ ಅಂಥದೊಂದನ್ನು ಇಳಿಸಿದ. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತೇವೆ. ಕಾಕು, ಅಂದರೆ ಚಿಕ್ಕಮ್ಮ ಎಂದು ಓಣಿಯೆಲ್ಲ ಕರೆಯುತ್ತಿದ್ದ ಪಕ್ಕದ ಮನೆಯಾಕೆ, ತೀರಿಕೊಂಡ ಮೇಲೆ ಅವರ ಮನೆಯವರು ಕೊಟ್ಟುಹೋದದ್ದು. ಜನರಿಗೆ ಇಂಥ ವಾಸನೆಯಿಂದ ಕಣ್ಣು ತುಂಬುತ್ತದಂತೆ. ನಾನು ಮೂಗಿಗೆ ಸೆರಗು ಹಿಡಿದೆ.

ಕಾಕು ಓಣಿಯ ಹುಡುಗಿಯರಿಗೆ ಹಾಡು ಕಲಿಸುತ್ತಿದ್ದರು. ಸಂಗೀತವಲ್ಲ, ಒಂದೇ ಹಾಡು. ಎಂಬತ್ತರ ದಶಕದಲ್ಲಿ ಹೆಣ್ಣು ನೋಡಲು ಬಂದವರು ನಡೆಸಿ ನೋಡುತ್ತಿದ್ದರು, ಸೂಜಿಗೆ ದಾರ ಪೋಣಿಸಲು ಹೇಳುತ್ತಿದ್ದರು, ಕೊನೆಗೆ ಒಂದು ಹಾಡು ಕೇಳುತ್ತಿದ್ದರು. ಆ ಕೊನೆಯದಕ್ಕೆ ಕಾಕು ನಮ್ಮನ್ನು ತಯಾರು ಮಾಡುತ್ತಿದ್ದರು.

ಅದು ಐವತ್ತರ ದಶಕದ ಒಂದು ಹಿಂದಿ ಸಿನಿಮಾದ ನಿಧಾನದ ಹಾಡು. ಹೆಸರು ಹೇಳುವುದಿಲ್ಲ; ಹೇಳಿದರೆ ನೀವು ಕಣ್ಣು ಮುಚ್ಚಿ ತಲೆದೂಗುತ್ತೀರಿ, ನನಗೆ ಅದು ಬೇಡ. ಅದರ ಪಲ್ಲವಿ ಷಡ್ಜದಿಂದ ಪಂಚಮದವರೆಗೆ ಮಾತ್ರ ಓಡಾಡುತ್ತದೆ. ಪ್ರತಿ ಸಾಲೂ ಹೊಸ್ತಿಲ ತನಕ ಹೋಗಿ, ಬೈಸಿಕೊಂಡವಳಂತೆ ಷಡ್ಜಕ್ಕೇ ಮರಳಿ ಕೂಡುತ್ತದೆ. ಮೊದಲ ಚರಣವೂ ಅದೇ ಚಾಳಿಯದು. ಎರಡನೆಯದು ಹಾಗಲ್ಲ. ಪಂಚಮದಿಂದ ಹೊರಟು ಮೇಲಕ್ಕೇ ಹತ್ತುತ್ತದೆ, ತಬಲಾ ಅರೆಗಳಿಗೆ ಸುಮ್ಮನಾಗುತ್ತದೆ, ಆಮೇಲೆ ತಾರ ಷಡ್ಜ, ಮೇಲಿನ ಸಾ... ಇಳಿಯುವಾಗ, ಅಲ್ಲಿಯವರೆಗೆ ಶುದ್ಧವಾಗಿದ್ದ ಗಾಂಧಾರ ಒಮ್ಮೆಲೇ ಕೋಮಲವಾಗುತ್ತದೆ. ಜನ ಅದನ್ನು ದುಃಖ ಅನ್ನುತ್ತಾರೆ. ನನಗೆ ಕೇಳಿಸುತ್ತಿದ್ದದ್ದು ಸಿಟ್ಟು.

ಕಾಕು ಆ ಚರಣವನ್ನು ಯಾರಿಗೂ ಹಾಡಗೊಡುತ್ತಿರಲಿಲ್ಲ.

"ಬಾಯಿ ಅಷ್ಟ ತೆರೀಬ್ಯಾಡ ಬೇ, ದವಡಿ ಕಾಣತಾವು. ಶೇಡಬಾಳದಾಕಿ ಒಬ್ಬಾಕಿ ಗಂಟಲಾ ತೆರದ್ಲು, ಗಂಡಿನವ್ರು ಚಹಾ ಬಿಟ್ಟ ಎದ್ದ ಹ್ವಾದ್ರು."

"ಮತ್ತ ಎರಡನೇ ಚರಣ ಯಾವಾಗ ಹಾಡೋದು ಕಾಕು?"

"ಲಗ್ನ ಆದ ಮ್ಯಾಲ. ಒಲಿ ಮುಂದ."

ಅವರು ಹೆದರಿಸಲು ಹೇಳಿದ ಶೇಡಬಾಳದವಳ ಕತೆಯನ್ನು ನಾನು ಔಷಧದಂತೆ ಬಚ್ಚಿಟ್ಟುಕೊಂಡೆ. ಚಿಕ್ಕೋಡಿಯ ಕಾಲೇಜಿನಲ್ಲಿ ಓದುತ್ತಿದ್ದೆ. ಅಥಣಿ ಕಡೆಯ ಒಂದು ಮನೆಯವರು ನೋಡಲು ಬರುವವರಿದ್ದರು. ಲಗ್ನವಾದರೆ ಕಾಲೇಜು ಬಿಡಬೇಕು ಎಂದು ಮೊದಲೇ ಹೇಳಿ ಕಳಿಸಿದ್ದರು. ಗಂಟಲು ತೆರೆದರೆ ಎದ್ದು ಹೋಗುತ್ತಾರಲ್ಲ, ಹೋಗಲಿ.

ಬಂದರು. ವರನ ಸೋದರಮಾವ ಅವಲಕ್ಕಿ ಮುಗಿಸಿ, ಹಲ್ಲಿನ ಸಂದಿಯಿಂದ ಬೆರಳಲ್ಲಿ ಏನೋ ತೆಗೆದು, ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡ. "ಒಂದ ಹಾಡ ಹೇಳಸ್ರಿ, ಮೂಕಿ ಅದಾಳೋ ಏನೋ." ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಕಾಕು ಪೇಟಿ ಹಿಡಿದು ಪಕ್ಕದಲ್ಲಿ ಕೂತಿದ್ದರು. ಪಲ್ಲವಿ ಎತ್ತಿದ ಕೂಡಲೇ ಅವನು ತೊಡೆ ತಟ್ಟಿದ: "ಇದನ್ನ ಹ್ವಾದ ವಾರ ರಾಯಬಾಗದಾಗೂ ಕೇಳೇವ್ರಿ!" ಅಲ್ಲಿಯೂ ಕಾಕುವಿನ ಶಿಷ್ಯೆಯೇ ಇದ್ದಿರಬೇಕು. ಊರೂರಿಗೆ ಒಂದೇ ಹಾಡು, ಅದೂ ಬಾಲ ಕತ್ತರಿಸಿದ್ದು.

ಮೊದಲ ಚರಣ ಮುಗಿಯಿತು. ನಾನು ನಿಲ್ಲಿಸಲಿಲ್ಲ. ಪಂಚಮ, ಧೈವತ, ನಿಷಾದ... ಇಲ್ಲಿಂದ ಮುಂದೆ ನನ್ನ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ, ಆದ್ದರಿಂದ ನಾನದನ್ನು ನಂಬುವುದಿಲ್ಲ. ಗೆಳತಿಯರ ಮುಂದೆ ತಾರ ಷಡ್ಜ ಮುಟ್ಟಿದೆನೆಂದು ಹೇಳಿದ್ದುಂಟು. ಒಮ್ಮೆ, ಪೂರ್ತಿ ಹಾಡಿದೆನೆಂದೂ. ಖಾತ್ರಿಯಿರುವುದು ಇಷ್ಟೇ: ಕಾಕು ತಿದಿ ಮುಚ್ಚಿದರು. ಕೊಂಡಿ ಹಾಕಿದ ಸದ್ದು ಕೇಳಿಸಿತು. ಕೆಳಗಿನ ಸ್ವರ ಕಿತ್ತುಹೋದಂತಾಗಿ ಬಾಯಿ ತೆರೆದೇ ನಿಂತೆ. ಹಾಡು ಮುಗಿಯಿತೆಂದುಕೊಂಡು ಬಂದವರು ಚಪ್ಪಾಳೆ ತಟ್ಟಿದರು.

"ಆವಾಜ ಛಲೋ ಐತ್ರಿ. ಭಾಳ ಜೋರಿಲ್ಲ," ಎಂದ ಸೋದರಮಾವ.

ಲಗ್ನ ಗಟ್ಟಿಯಾಯಿತು. ಕಾಲೇಜು ಬಿಟ್ಟೆ. ಆ ಮನೆಯಲ್ಲಿ ಬಹಳ ವರ್ಷ ಒಲೆಯ ಮುಂದೆ ಕೂತೆ. ಎರಡನೆಯ ಚರಣ ಒಮ್ಮೆಯೂ ಬರಲಿಲ್ಲ.

ತೊಂಬತ್ತರ ದಶಕದಲ್ಲೊಮ್ಮೆ ಯಡೂರಿನ ಹೊಳೆಯ ದಂಡೆಯಲ್ಲಿ ಕಾಕು ಸಿಕ್ಕರು, ಒದ್ದೆ ಸೀರೆ ಹಿಂಡುತ್ತಿದ್ದರು. ಕೇಳಿಯೇಬಿಟ್ಟೆ. "ತಿದಿ ಯಾಕ ಮುಚ್ಚಿದ್ರಿ ಕಾಕು?" ಅಪ್ಪನ ಮರ್ಯಾದೆ ಅನ್ನುತ್ತಾರೆ, ನಿನ್ನ ಒಳ್ಳೇದಕ್ಕೆ ಅನ್ನುತ್ತಾರೆ ಎಂದುಕೊಂಡು ಅದಕ್ಕೆ ಹೇಸಿಕೊಳ್ಳಲು ಸಿದ್ಧಳಾಗಿದ್ದೆ.

"ಬೆಸೂರ ಹೊಂಟಿದ್ದಿ," ಎಂದರು. "ಮ್ಯಾಲಿನ ಸಾ ನಿನಗ ಸಿಗತಿರಲಿಲ್ಲ. ಅಂಥಾ ಹಾಡ, ಕೆಡಸತಿದ್ದಿ."

ಸೀರೆ ಕೊಡವಿದರು. ನೀರು ನನ್ನ ಮುಖಕ್ಕೂ ಸಿಡಿಯಿತು. ನನ್ನ ಬದುಕಿಗಿಂತ ಆ ದರಿದ್ರ ಹಾಡೇ ಹೆಚ್ಚಾಗಿತ್ತೇ ಈ ಹೆಂಗಸಿಗೆ? ಉಗುಳುವಷ್ಟು ಅಸಹ್ಯವಾಯಿತು. ಈಗಲೂ ಆಗುತ್ತದೆ.

ಹೋದ ತಿಂಗಳು ಪೇಟಿಯ ದೂಳು ಒರೆಸಿ ಷಡ್ಜ ಹಿಡಿದೆ. ಪಂಚಮದಿಂದ ಹತ್ತಿದೆ. ತಿದಿ ಮುಚ್ಚಲು ಪಕ್ಕದಿಂದ ಯಾರ ಕೈಯೂ ಬರಲಿಲ್ಲ. ತಾರ ಷಡ್ಜ ಬಂತು. ಏನೋ ಒಂದು ಬಂತು. ಅಡುಗೆಮನೆಯಿಂದ ತಮ್ಮನ ಹೆಂಡತಿ, "ಛಲೋ ಹಾಡತೀರಲ್ರಿ ಅಕ್ಕಾರ," ಎಂದಳು. ಅವಳಿಗೆ ಎಲ್ಲವೂ ಛಲೋ. ಸೂರೋ ಬೆಸೂರೋ ಹೇಳಬಲ್ಲ ಕಿವಿ ಈ ಓಣಿಯಲ್ಲಿ ಒಂದೇ ಇತ್ತು, ಅದು ಈಗಿಲ್ಲ. ನಾನು ತಿದಿ ಮುಚ್ಚಲಿಲ್ಲ, ಮನೆಯ ಮೇಲಿಂದ ಬೆರಳೂ ಎತ್ತಲಿಲ್ಲ. ಒಳಗಿನ ಗಾಳಿ ತಾನಾಗಿ ತೀರುವವರೆಗೆ ಮನೆಯಲ್ಲಿ ಆ ಸ್ವರವಿತ್ತು...