ಮಗ್ಗದ ಕುಣಿ

ಇಳಕಲ್ಲಿನಲ್ಲಿ ಪಕ್ಕದ ಮನೆಯ ಮಣ್ಣಿನ ಮಾಳಿಗೆ ಕುಸಿದ ಸದ್ದಿಗೆ ನಾವು ಓಡಿಹೋದಾಗ, ನೇಕಾರ ಸಂಗಪ್ಪ ಕಾಕಾ ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯೊಳಗೆ ಕುಕ್ಕರಿಸಿ ಕೂತಿದ್ದರು. ಬಿದ್ದ ತೊಲೆಯನ್ನು ಮಗ್ಗದ ಕಟ್ಟಿಗೆಗಳು ಅವರ ತಲೆಯ ಮೇಲೆಯೇ ತಡೆದಿದ್ದವು. ಮೈಮೇಲೆ ಒಂದು ಗೀರೂ ಇರಲಿಲ್ಲ.

"ಮೊದಲ ಆಕೀನ ತಗೀರಿ" ಎಂದರು.

ನಡುಗಂಬಕ್ಕೆ ಒರಗಿ ನೂಲು ಸುತ್ತುತ್ತಿದ್ದ ಅವರ ಹೆಂಡತಿ ಶಾಂತವ್ವನನ್ನು ಮಣ್ಣಿನಿಂದ ಹೊರತೆಗೆಯುವಷ್ಟರಲ್ಲಿ ಉಸಿರು ಹೋಗಿತ್ತು.

ಎಪ್ಪತ್ತರ ದಶಕದ ಮಾತು. ಕರೆಂಟು ಇಲ್ಲದ ಮನೆ. ಬೆಳಕಿಂಡಿಯ ಬೆಳಕು ಸೀರೆಯ ಮೇಲೆ ಬೀಳಲೆಂದು ಕಾಕಾ ಆ ಬೇಸಿಗೆಯಲ್ಲಿ ಹೊಸ ಕುಣಿಯನ್ನು ನಡುಗಂಬಕ್ಕೆ ಅಂಟಿಕೊಂಡೇ ತೋಡಿದ್ದರು. ಮಾಳಿಗೆಯ ಮಣ್ಣನ್ನು ಜಂತಿಗಳು ಹೊತ್ತಿದ್ದವು, ಜಂತಿಗಳನ್ನು ತೊಲೆ, ತೊಲೆಯನ್ನು ಆ ಕಂಬ. ಕಂಬವನ್ನು ಹೊತ್ತಿದ್ದು ನೆಲದೊಳಗಿನ ಒಂದು ಕಲ್ಲು. ಆ ಕಲ್ಲಿನ ಮಗ್ಗುಲ ಮಣ್ಣೇ ಕುಣಿಗಾಗಿ ಖಾಲಿಯಾಗಿತ್ತು. ಜಡಿಮಳೆಗೆ ಮಾಳಿಗೆ ನೆನೆದು ಭಾರವಾದ ಹೊತ್ತಿಗೆ ಕಲ್ಲು ಕುಣಿಯತ್ತ ಜಾರಿತು. ಕಂಬ ಅದರ ಹಿಂದೆಯೇ ಹೋಯಿತು.

ಮರುದಿನ ಶಾಂತವ್ವನನ್ನು ಮಣ್ಣು ಮಾಡಲು ಹೊರಡುವ ಮುಂಚೆ ಓಣಿಯ ಹಿರಿಯರೊಬ್ಬರು ಕೇಳಿದರು, "ಕುಣಿ ತಗದಾರೇನು?" ನಮ್ಮ ಕಡೆ ಮಗ್ಗದ ಗುಂಡಿಗೂ ಹೆಣ ಹೂಳುವ ಗುಂಡಿಗೂ ಅದೊಂದೇ ಹೆಸರು. ಹುಡುಗರನ್ನು ಕಳಿಸಿದ್ದೇವೆ ಎಂದು ಯಾರೋ ಹೇಳುವ ಮೊದಲೇ ಕಾಕಾ ತಲೆ ಎತ್ತದೆ ಅಂದರು:

"ಬ್ಯಾಸಗ್ಯಾಗ ನಾನ ತಗದೇನ್ರಿ."

ಇಂದಿಗೂ ಯಾರ ಮನೆಗೆ ಹೋದರೂ ನಾನು ಕಂಬಕ್ಕೆ ಒರಗಿ ಕುಳಿತುಕೊಳ್ಳುವುದಿಲ್ಲ. ಆರಾಮಾಗಿ ಒರಗಿರಿ ಎಂದವರಿಗೆ ಕಾರಣ ಹೇಳುವುದೂ ಇಲ್ಲ.